ಆರನೆಯ ಅಂತಸ್ತಿನ ತಂಪು

ಗುಡ್ಡಪ್ಪನಿಗೆ ಆ ಕಟ್ಟಡದ ನಾಡಿ ಗೊತ್ತಿತ್ತು. ನವನಗರದ ಈಚೆ, ಹುಬ್ಬಳ್ಳಿ–ಧಾರವಾಡ ರಸ್ತೆಗೆ ಮುಖಮಾಡಿ ನಿಂತ ಏಳು ಅಂತಸ್ತಿನ ವರದಾ ಭವನದಲ್ಲಿ ಯಾವ ಫ್ಯಾನಿನ ಬೇರಿಂಗ್ ಸವೆದಿದೆ, ಯಾವ ಟ್ಯೂಬ್‌ಲೈಟಿನ ಚೋಕು ಗುಂಯ್‌ಗುಡುತ್ತಿದೆ, ಲಿಫ್ಟು ಎಷ್ಟನೆಯ ಅಂತಸ್ತು ದಾಟುವಾಗ ನಡುಗುತ್ತದೆ ಎನ್ನುವುದನ್ನು ಕೆಳಗಿನ ಪ್ಯಾನಲ್ ಕೋಣೆಯಲ್ಲಿ ಕೂತೇ ಹೇಳುತ್ತಿದ್ದ. ೧೯೯೪ರಲ್ಲಿ, ಗೋಡೆಯ ಬಣ್ಣ ಇನ್ನೂ ಹಸಿಯಿದ್ದಾಗ, ಎಲೆಕ್ಟ್ರಿಶಿಯನ್ ಎಂದು ಸೇರಿದವನು. ಕುಂದಗೋಳದ ಕಡೆಯ ಒಕ್ಕಲುತನದ ಮನೆ, ಧಾರವಾಡದಲ್ಲಿ ಕಲಿತ ಐಟಿಐ, ಬೆಂಗೇರಿಯಲ್ಲಿ ಎರಡು ಖೋಲಿಯ ಬಿಡಾರ, ಹೆಂಡತಿ ಕಾವೇರಿ, ಒಂದು ಸೈಕಲ್ಲು. ಊರಿನಿಂದ ಬಂದವರನ್ನು ರಸ್ತೆಯ ಆಚೆ ನಿಲ್ಲಿಸಿ, ಕಟ್ಟಡದ ಕಡೆ ಕೈ ಮಾಡಿ, "ಇದರಾಗಿನ ದೀಪಾ ಹಚ್ಚಾಂವ ನಾನ" ಅನ್ನುವುದೆಂದರೆ ಅವನಿಗೆ ಹೋಳಿಗೆ ಉಂಡಷ್ಟು ಖುಷಿ.

ಕಟ್ಟಡ ಒಂದು ವಿಮಾ ಕಂಪನಿಯದು. ಮುನ್ನೂರು ಜನ ಕೂತು ಕೆಲಸ ಮಾಡುವ ಜಾಗ. ದಿನಾ ಮುಂಜಾನೆ ಒಂಬತ್ತಕ್ಕೆ ಗುಡ್ಡಪ್ಪ ಮೀಟರಿನ ಅಂಕಿ ನೋಡಿ ಉದ್ದನೆಯ ವಹಿಯಲ್ಲಿ ಬರೆಯುತ್ತಿದ್ದ. ರವಿವಾರವೂ ಬ್ಯಾಟರಿ ನೋಡಲೆಂದು ಒಂದು ಗಳಿಗೆ ಬಂದು ಬರೆದು ಹೋಗುತ್ತಿದ್ದ. ಕರೆಂಟು ಹೋದರೆ ಹಿಂಭಾಗದ ಡೀಸೆಲ್ ಜನರೇಟರ್ ಚಾಲೂ ಮಾಡಿ, ಎಷ್ಟು ತಾಸು ಓಡಿತು, ಎಷ್ಟು ಲೀಟರ್ ಕುಡಿಯಿತು ಎಂದು ಅದನ್ನೂ ಬರೆಯಬೇಕು. ಅವನ ಅಕ್ಷರ ದುಂಡಗೆ, ಒಂದೂ ಚಿತ್ತುಕಾಟು ಇರುತ್ತಿರಲಿಲ್ಲ.

ಜನರೇಟರಿನ ಕೋಣೆಯ ಹಿಂದೆ ಕಂಪೌಂಡು. ಕಂಪೌಂಡಿನ ಆಚೆ ಹಾಜರಾಬಿಯ ಮನೆ. ಕಟ್ಟಡ ಬರುವ ಮೊದಲಿನಿಂದಲೂ ಇದ್ದ ಹಂಚಿನ ಮನೆ ಅದು. ಗಂಡ ಬಂದೇನವಾಜ ಗೋಡೆ ಕಟ್ಟುವ ಗವಂಡಿ. ಇದೇ ಕಟ್ಟಡದ ಗಿಲಾವಿಗೂ ಕೈ ಹಚ್ಚಿದವನು. ಹಾಜರಾಬಿ ಕೌದಿ ಹೊಲಿಯುತ್ತಿದ್ದಳು. ದುರ್ಗದಬೈಲಿನ ಬಟ್ಟೆ ಅಂಗಡಿಗಳಿಂದ ತಂದ ತುಂಡುಗಳನ್ನು ತೊಳೆದು, ಅಂಗಳದ ಹಗ್ಗದ ಮೇಲೆ ಒಣಗಹಾಕಿ, ಬೇವಿನ ನೆರಳಿಗೆ ಕೂತು ದಿನವಿಡೀ ಸೂಜಿ ಆಡಿಸುವುದು ಅವಳ ಕೆಲಸ. ಜನರೇಟರಿನ ಹೊಗೆಕೊಳವೆ ಹಿಂದಿನ ಗೋಡೆಯಿಂದ ಆಳೆತ್ತರದಲ್ಲಿ ಹೊರಬಂದು ಸೀದಾ ಆ ಅಂಗಳಕ್ಕೆ ಬಾಯಿ ತೆರೆದಿತ್ತು.

ಜನರೇಟರ್ ಓಡಿದ ಮೊದಲ ದಿನವೇ ಅವಳು ಮಸಿ ಬಿದ್ದ ಕೌದಿ ಹೆಗಲ ಮೇಲೆ ಹಾಕಿಕೊಂಡು ಗೇಟಿಗೆ ಬಂದಳು.

"ಏನಪಾ ತಮ್ಮಾ, ನಿಮ್ಮ ಮಷೀನಿಗೆ ನಮ್ಮನಿನ ಬೇಕಾತೇನು?"

ಗುಡ್ಡಪ್ಪನಿಗೆ ನಾಚಿಕೆಯಾಯಿತು. ಕೊಳವೆ ಹಾಕಿದವನು ತಾನಲ್ಲ ಎಂದು ಹೇಳುವುದಕ್ಕೂ ಬಾಯಿ ಬರಲಿಲ್ಲ. "ಚಾಚಿ, ಇನ್ನ ಮ್ಯಾಲ ಚಾಲೂ ಮಾಡೂಕಿಂತ ಮೊದಲ ಗ್ವಾಡಿಗೆ ಪಾನಾಲೆ ಎರಡ ಸಲ ಬಡಿತೇನಿ. ನೀವು ಅರಬಿ ತಗೊಂಡ ಒಳಗ ಹೋಗಿಬಿಡ್ರಿ" ಅಂದ. ಅಂದಿನಿಂದ ಅದೇ ರೂಢಿಯಾಯಿತು. ನಟ್ಟು ಬಿಗಿಯುವ ಪಾನಾ ಎರಡು ಸಲ ಠಣ್ ಠಣ್ ಅನ್ನುತ್ತಿತ್ತು, ಆಚೆಯಿಂದ "ಹ್ಞೂಂ, ಹಚ್ಚಪಾ" ಎಂಬ ದನಿ ಬರುತ್ತಿತ್ತು, ಆಮೇಲೆ ಎಂಜಿನ್ನು ಗುಡುಗುತ್ತಿತ್ತು. ಕೆಲವು ದಿನ ಕಂಪೌಂಡಿನ ಮೇಲಿಂದ ಒಂದು ಬಟ್ಟಲು ಚಹಾ ದಾಟಿಬರುತ್ತಿತ್ತು. ಕಾವೇರಿಯ ಮೊದಲ ಬಾಣಂತನಕ್ಕೆ ಹಾಜರಾಬಿ ಒಂದು ಸಣ್ಣ ಕೌದಿ ಹೊಲಿದುಕೊಟ್ಟಳು. ಅಂಚಿನಲ್ಲಿ ತ್ರಿಕೋನದ ತುಂಡುಗಳ ಸಾಲು.

೧೯೯೯ರಲ್ಲಿ ಆರನೆಯ ಅಂತಸ್ತಿನ ದೊಡ್ಡ ಕಂಪ್ಯೂಟರುಗಳನ್ನು ಲಾರಿ ತುಂಬಿ ಬೇರೆ ಊರಿನ ಕಚೇರಿಗೆ ಸಾಗಿಸಿದರು. ಗುಡ್ಡಪ್ಪ ಆ ವಾರ ತಂಗಿಯ ಮದುವೆಗೆಂದು ಊರಿಗೆ ಹೋಗಿದ್ದ. ಬಂದು ನೋಡಿದರೆ ಕೋಣೆಗೆ ಕೀಲಿ ಬಿದ್ದಿತ್ತು. ಆಡಳಿತಾಧಿಕಾರಿ ಕುಮಾರಸ್ವಾಮಿ ಪ್ಯಾನಲ್ ಕೋಣೆಗೆ ಬಂದು ಹೇಳಿದರು:

"ನೋಡೋ ಗುಡ್ಡಪ್ಪ, ಎರಡ್ ತಿಂಗಳಿನ್ಯಾಗ ಹೊಸಾ ಮಷೀನ್ ಬರ್ತಾವ. ಅಲ್ಲೀತನಕಾ ಆರನೇದರ ಎಸಿ ಬಂದ್ ಮಾಡಬ್ಯಾಡ. ಧೂಳು, ಹಸಿ ಹಿಡದ ಖೋಲಿ ಹಾಳಾಗ್ತದ. ಜನರೇಟರ್ ಮ್ಯಾಲೂ ಅದು ನಡೀಲಿ."

ಗುಡ್ಡಪ್ಪ ಬಿಳಿ ಪಟ್ಟಿಯ ಮೇಲೆ "ಬಂದ್ ಮಾಡಬಾರದು" ಎಂದು ಬರೆದು ಆ ಸ್ವಿಚ್ಚಿನ ಕೆಳಗೆ ಅಂಟಿಸಿದ. ಹೊಸ ಯಂತ್ರಗಳು ಬರಲಿಲ್ಲ. ಮರುವರ್ಷ ಕುಮಾರಸ್ವಾಮಿಗೆ ವರ್ಗವಾಯಿತು. ಹೊಸ ಅಧಿಕಾರಿಗೆ ಆ ಕೋಣೆಯ ವಿಷಯ ಯಾರೂ ಹೇಳಲಿಲ್ಲ, ಅವರೂ ಕೇಳಲಿಲ್ಲ. ಪಟ್ಟಿ ಹಳದಿಯಾಯಿತು. ಗುಡ್ಡಪ್ಪ ಅದನ್ನು ದಿನಾ ನೋಡುತ್ತಿದ್ದ. ನೋಡಿ ನೋಡಿ ಕಣ್ಣಿಗೆ ಕಾಣದಂತಾಗಿತ್ತು.

ಎರಡು ಸಾವಿರದ ಒಂದರಿಂದ ಮೂರರವರೆಗೆ ಕರೆಂಟಿನ ಕಾಟ ಹೇಳತೀರದು. ದಿನಕ್ಕೆ ಎರಡು ತಾಸು, ಮೂರು ತಾಸು, ಬೇಸಿಗೆಯಲ್ಲಿ ನಾಲ್ಕು. ಪಾನಾ ಬಡಿದು ಬಡಿದು ಗೋಡೆಯ ಗಿಲಾವು ಉದುರಿತು. ಹಾಜರಾಬಿಗೆ ಕೆಮ್ಮು ಹತ್ತಿತು. ಮೊದಲು ಒಣ ಕೆಮ್ಮು; ಆಮೇಲೆ ಒಂದೇ ಉಸಿರಿಗೆ ಹತ್ತು ಹದಿನೈದು ಸಲ, ಕೊನೆಗೆ ಸಿಳ್ಳು ಹೊಡೆದಂತೆ ಗಾಳಿ ಎಳೆದುಕೊಳ್ಳುವುದು. ದವಾಖಾನೆಯಲ್ಲಿ ದಮ್ಮು ಅಂದರು. ಗುಡ್ಡಪ್ಪ ಕೊಳವೆಯನ್ನು ಮಾಳಿಗೆಯ ತನಕ ಎತ್ತರಿಸಬೇಕೆಂದು ಒಂದು ಅರ್ಜಿ ಬರೆದುಕೊಟ್ಟ. "ಗ್ವಾಡಿ ಮ್ಯಾಲ ಅಷ್ಟ ಉದ್ದ ಕೊಳವಿ ಹಾಕಿದ್ರ ಕಟ್ಟಡದ ಅಂದ ಏನ್ ಉಳೀತು?" ಎಂದು ಅಧಿಕಾರಿ ಅರ್ಜಿಯನ್ನು ಖಾನೆಯೊಳಗೆ ಹಾಕಿದರು. ಗುಡ್ಡಪ್ಪ ಎರಡನೆಯ ಅರ್ಜಿ ಬರೆಯಲಿಲ್ಲ.

೨೦೦೩ರ ಹೋಳಿ ಹುಣ್ಣಿಮೆಯ ಹೊತ್ತಿಗೆ ಒಂದು ಮಧ್ಯಾಹ್ನ ಅವಳು ಕಂಪೌಂಡಿಗೆ ಆತುಕೊಂಡು ನಿಂತು ಕರೆದಳು. ಮುಖ ಒಣಗಿ ಕಣ್ಣಷ್ಟೇ ಉಳಿದಿದ್ದವು.

"ತಮ್ಮಾ, ಪೂರಾ ಬಂದ್ ಮಾಡು ಅನ್ನೂದಿಲ್ಲ. ಸ್ವಲ್ಪ ಕಡಿಮಿ ಮಾಡಾಕ ಬರೂದಿಲ್ಲೇನು? ಒಳಗ ಬ್ಯಾಡಾದ್ದು ಏನರೆ ಉರೀತಿದ್ರ ನೋಡಲಾ."

ಆಗ ಅವನು ಅಂದ ಮಾತು ಅವನ ಜೀವಮಾನಕ್ಕೆ ಅಂಟಿಕೊಂಡಿತು. "ಬ್ಯಾಡಾದ್ದು ಒಂದೂ ಇಲ್ಲ ಚಾಚಿ. ನಾ ಎಲ್ಲಾ ನೋಡೇನಿ. ಒಂದ ಹನಿ ಡೀಜಲ್ ಸೈತ ದಂಡ ಹೋಗೂದಿಲ್ಲ."

ಅವಳು ತಲೆಯಾಡಿಸಿದಳು. "ಹಂಗಾರ ಹಚ್ಚಪಾ. ಮಂದಿ ಕೆಲಸಾ ನಿಲ್ಲಬಾರದು."

ಇಪ್ಪತ್ತು ದಿನಕ್ಕೆ ಅವಳು ತೀರಿಕೊಂಡಳು. ಗುಡ್ಡಪ್ಪ ಖಬರಸ್ತಾನದ ತನಕ ಹೋಗಿ, ಎಲ್ಲರ ಹಿಂದೆ ನಿಂತು ಒಂದು ಹಿಡಿ ಮಣ್ಣು ಹಾಕಿ ಬಂದ.

ಮರುದಿನ ಹನ್ನೊಂದಕ್ಕೆ ಕರೆಂಟು ಹೋಯಿತು. ಕೈ ತಾನಾಗಿ ಪಾನಾ ಹಿಡಿದು ಎರಡು ಸಲ ಬಡಿಯಿತು. ಆಚೆಯಿಂದ ದನಿ ಬರಲಿಲ್ಲ. ಒಂದು ಗಳಿಗೆ ನಿಂತು, ಎಂಜಿನ್ನು ಚಾಲೂ ಮಾಡಿದ. ಅದು ಲಯಕ್ಕೆ ಬಂದದ್ದೇ ತಡ, ಅದರ ಬಡಿತದ ನಡುವೆ ಕೆಮ್ಮು ಕೇಳಿಸಿತು. ಒಂದೇ ಉಸಿರಿಗೆ ಹತ್ತು ಹದಿನೈದು ಸಲ, ಕೊನೆಗೆ ಆ ಸಿಳ್ಳು. ಗುಡ್ಡಪ್ಪ ಎಂಜಿನ್ನು ನಿಲ್ಲಿಸಿದ, ಸದ್ದಿಲ್ಲ. ಮತ್ತೆ ಹಚ್ಚಿದ, ಮತ್ತೆ ಕೆಮ್ಮು. ಮೇಲಿನಿಂದ ಯಾರೋ "ಏ ಗುಡ್ಡಪ್ಪಾ, ಏನ್ ಆಟಾ ಹಚ್ಚೀದಿ" ಎಂದು ಕೂಗಿದರು. ಅವನು ಕಿವಿಗೆ ಅರಳೆ ತುರುಕಿಕೊಂಡು ಕೂತ. ಅರಳೆಯಿಂದ ಎಂಜಿನ್ನಿನ ಸದ್ದು ಕಡಿಮೆಯಾಯಿತು, ಕೆಮ್ಮು ಕಡಿಮೆಯಾಗಲಿಲ್ಲ.

ಎಂಜಿನ್ನಿನ ವಾಲ್ವುಗಳನ್ನು ಬಿಚ್ಚಿ ತೊಳೆದ. ಫಿಲ್ಟರ್ ಬದಲಿಸಿದ. ಬೇರೆ ಮೆಕ್ಯಾನಿಕನ್ನು ಕರೆಸಿ "ಏನರೆ ಕೇಳಸ್ತದನು?" ಎಂದು ಕೇಳಿದ. "ಛಲೋ ಓಡಾಕತ್ತೈತಲ್ಲ" ಅಂದ ಅವನು. ಕಾವೇರಿ ಒಬ್ಬ ಅಯ್ಯನವರ ಬಳಿ ತಾಯಿತ ಮಾಡಿಸಿಕೊಂಡು ಬಂದಳು. ತಾಯಿತ ಕಟ್ಟಿಕೊಂಡೇ ಗುಡ್ಡಪ್ಪ ದಿನಾ ಅದನ್ನು ಕೇಳಿದ.

ಅದೇ ಹೊತ್ತಿಗೆ ಆರನೆಯ ಅಂತಸ್ತಿನ ಮೇಲೂ ಸುದ್ದಿ ಹುಟ್ಟಿತು. ಕಸ ಗುಡಿಸುವ ಮುತ್ತವ್ವ ಮೊದಲು ಹೇಳಿದಳು. ಕೀಲಿ ಹಾಕಿದ ಬಾಗಿಲ ಸಂದಿಯಿಂದ ಹೆಣದ ಮೈಯಂಥ ತಂಪು ಬರುತ್ತದೆ, ಒಳಗೆ ಯಾರೋ ಗುನುಗುಡುತ್ತಾರೆ ಎಂದು. "ಆ ಕೌದಿ ಹೊಲ್ಯಾಕಿ ಬಂದ ಕುಂತಾಳ ನೋಡ್ರಿ. ಹೊಗಿಗೆ ಅಂಜಿ ತಂಪ ಹುಡಿಕ್ಕೊಂಡ ಬಂದಾಳ" ಎಂದು ಹೊಸ್ತಿಲಿಗೆ ನಿಂಬೆಹಣ್ಣು ಇಟ್ಟಳು. ಅಲ್ಲಿ ಎಸಿ ಓಡುತ್ತಿದೆ ಎಂಬುದು ಕಟ್ಟಡದಲ್ಲಿ ಒಬ್ಬನಿಗೆ ಗೊತ್ತಿದ್ದರೆ ಅದು ಗುಡ್ಡಪ್ಪನಿಗೆ. ಅವನು ನಕ್ಕು ತಿಳಿಹೇಳಬೇಕಿತ್ತು. ಆದರೆ ಮುತ್ತವ್ವ ಅಂದದ್ದು ಅವನ ಎದೆಯಲ್ಲಿ ಆಗಲೇ ಇದ್ದ ಮಾತು. ಅಂದಿನಿಂದ ಅವನೂ ಆರನೆಯ ಅಂತಸ್ತಿಗೆ ಕಾಲಿಡಲಿಲ್ಲ. ಅಲ್ಲಿ ಬಲ್ಬು ಹೋದರೆ ಬೇರೆಯವರನ್ನು ಕಳಿಸಿದ. ಹೀಗೆ ಇನ್ನೂ ಮೂರು ವರ್ಷ ಉರುಳಿದವು.

೨೦೦೬ರ ಮಳೆಗಾಲ ಮುಗಿದ ಮೇಲೆ ಆರತಿ ಬಂದಳು. ಊರಿನ ಒಂದು ಎಂಜಿನಿಯರಿಂಗ್ ಕಾಲೇಜಿನ ಉಪನ್ಯಾಸಕಿ. ದೊಡ್ಡ ಕಟ್ಟಡಗಳು ಎಷ್ಟು ವಿದ್ಯುತ್ತು ತಿನ್ನುತ್ತವೆ, ಅದರಿಂದ ಭೂಮಿಯನ್ನು ಬಿಸಿ ಮಾಡುವ ಅನಿಲ ಎಷ್ಟು ಹೊರಬೀಳುತ್ತದೆ ಎಂದು ಅಳೆಯುವುದು ಅವಳ ಅಭ್ಯಾಸದ ವಿಷಯ. ಕಂಪನಿಯೂ ಒಪ್ಪಿ ಕರೆಸಿತ್ತು. ಮೊದಲು ಅವಳು ಕೇಳಿದ್ದೇ ಗುಡ್ಡಪ್ಪನ ವಹಿಗಳನ್ನು. ಹನ್ನೆರಡು ವರ್ಷದ್ದನ್ನು ಅವನು ಧೂಳು ಒರೆಸಿ ಮೇಜಿನ ಮೇಲಿಟ್ಟ.

"ಗುಡ್ಡಪ್ಪನವರ, ಇಷ್ಟ ಛಂದ ಬರದಿಟ್ಟಾವರನ್ನ ನಾ ಎಲ್ಲೂ ನೋಡಿಲ್ರಿ" ಅಂದಳು. ಅವನಿಗೆ ಎಷ್ಟೋ ದಿನದ ಮೇಲೆ ಎದೆಯುಬ್ಬಿತು.

ಮೂರನೆಯ ದಿನ ಅವಳು ಒಂದು ಪುಟದ ಮೇಲೆ ಬೆರಳಿಟ್ಟು ಕೇಳಿದಳು: "ರವಿವಾರ ಈ ಕಟ್ಟಡದಾಗ ಯಾರಿರ್ತಾರ್ರೀ?"

"ಯಾರೂ ಇರೂದಿಲ್ರಿ ಮೇಡಮ್. ಗೇಟಿನ್ಯಾಗ ವಾಚ್‌ಮನ್ ಒಬ್ಬಾವ."

"ಹಂಗಾರ ಪ್ರತಿ ರವಿವಾರ ನಾಕನೂರರ ಹತ್ತಿರ ಯುನಿಟ್ ಯಾರ್ ತಿಂತಾರ? ತೊಂಬತ್ತೆಂಟರಾಗ ಅರ್ಥ ಆಗ್ತದ, ಕಂಪ್ಯೂಟರ್ ಇದ್ದೂ. ಎರಡು ಸಾವಿರದ ಐದರಾಗ?"

ಗುಡ್ಡಪ್ಪ ಎದ್ದು ಹೋಗಿ ಹಳದಿ ಪಟ್ಟಿಯ ಮೇಲೆ ಬೆರಳಿಟ್ಟ. ಆರತಿ ತಂತಿಗೆ ಅಳತೆಯ ಮೀಟರು ಕಚ್ಚಿಸಿ ನೋಡಿದಳು. "ತಾಸಿಗೆ ಹದಿನೈದು ಯುನಿಟ್. ಮ್ಯಾಲ ಹೋಗೂಣ್ರಿ."

ಆಡಳಿತ ವಿಭಾಗದಲ್ಲಿ ಕೀಲಿಕೈ ಹುಡುಕಲು ಅರ್ಧ ದಿನ ಹಿಡಿಯಿತು. ಬಾಗಿಲ ಮುಂದೆ ಒಣಗಿದ ನಿಂಬೆಹಣ್ಣುಗಳ ಸಾಲು. ಆರತಿ ಅವನ್ನು ದಾಟಿ ಕೀಲಿ ತಿರುವಿದಳು. ಗುಡ್ಡಪ್ಪ ಗೋಡೆ ಹಿಡಿದು ನಿಂತಿದ್ದ. ಬಾಗಿಲು ತೆರೆದದ್ದೇ ಚಳಿ ಬಂದು ಮುಖಕ್ಕೆ ರಾಚಿತು.

ಒಳಗೆ ಏನೂ ಇರಲಿಲ್ಲ.

ಯಂತ್ರಗಳು ನಿಂತಿದ್ದ ಕಡೆ ನೆಲದ ಮೇಲೆ ಚೌಕಾಕಾರದ ಕಲೆ. ಗೋಡೆಗೆ ೧೯೯೯ರ ಕ್ಯಾಲೆಂಡರು, ಮೂಲೆಯಲ್ಲಿ ಒಂದು ಮುರಿದ ಕುರ್ಚಿ. ಎರಡು ತುದಿಯಲ್ಲಿ ಬೀರುವಿನಷ್ಟು ಎತ್ತರದ ಎರಡು ಎಸಿಗಳು ಗುನುಗುಡುತ್ತಿದ್ದವು. ಆರತಿ ಒಂದರ ಮುಂದೆ ಕೈ ಹಿಡಿದಳು, ಆಮೇಲೆ ಇನ್ನೊಂದರ ಮುಂದೆ.

"ಇದು ತಂಪ ಮಾಡಾಕತ್ತದ. ಅದು ಗಾಳಿ ಒಣಗಸಬೇಕಂತ ಬಿಸಿ ಮಾಡಾಕತ್ತದ. ಒಂದ ಮಾಡಿದ್ದು ಇನ್ನೊಂದು ಕೆಡಸೂದು. ಏಳು ವರ್ಷ ಇದ ಜಗಳಾ ನಡದದ ನೋಡ್ರಿ" ಎಂದು ನಕ್ಕಳು.

"ಮೇಡಮ್, ಜನರೇಟರ್ ಓಡೂಮುಂದ ಇದಕ್ಕ ಎಷ್ಟು ಡೀಜಲ್ ಹೋಗತಿತ್ರಿ?"

ಅವಳು ವಹಿ ತಿರುವಿ, ಲೆಕ್ಕ ಮಾಡಿ ಹೇಳಿದಳು. "ಐದರಾಗ ಒಂದ ಪಾಲು. ಐದ್ ಲೀಟರ್ ಸುಟ್ಟಿದ್ರ ಒಂದ್ ಲೀಟರ್ ಈ ಖಾಲಿ ಖೋಲಿಗೆ."

ಗುಡ್ಡಪ್ಪ ಅಲ್ಲೇ ತಣ್ಣನೆಯ ನೆಲದ ಮೇಲೆ ಕೂತ. ಬ್ಯಾಡಾದ್ದು ಒಂದೂ ಇಲ್ಲ ಚಾಚಿ. ನಾ ಎಲ್ಲಾ ನೋಡೇನಿ. ನೆಲ ನೋಡುತ್ತಲೇ ಕೇಳಿದ:

"ಆ ಹೊಗಿ ಎಲ್ಲಿ ಹೋತ್ರಿ?"

"ಎರಡ್ ಥರಾ ಅದರೀ. ಕಣ್ಣಿಗೆ ಕಾಣೂ ಕರೀ ಮಸಿ ಅಲ್ಲೇ ಸುತ್ತಮುತ್ತ ಬೀಳ್ತದ, ಉಸಿರಿನ ಕೂಡ ಎದಿಯೊಳಗ ಹೋಗ್ತದ. ಕಣ್ಣಿಗೆ ಕಾಣದ ಇಂಗಾಲದ ಅನಿಲ ಮ್ಯಾಲ ಹೋಗಿ ಉಳೀತದ. ಒಂದ್ ಲೀಟರ್ ಡೀಸೆಲ್ಲಿಗೆ ಎರಡೂವರಿ ಕಿಲೋಕ್ಕಿಂತ ಹೆಚ್ಚ."

"ಒಂದ್ ಲೀಟರ್ ಒಂದ ಕಿಲೋ ಸೈತ ತೂಗೂದಿಲ್ಲಲ್ರಿ?"

"ಸುಡೂಮುಂದ ಗಾಳ್ಯಾಗಿನ ಆಮ್ಲಜನಕಾನೂ ಕೂಡ್ತದ, ಅದಕ್ಕ ಭಾರ. ಕರೆಂಟಿನ ಮ್ಯಾಲ ಓಡಿದ್ರೂ ಅಷ್ಟ, ಎಲ್ಲೋ ದೂರ ಕಲ್ಲಿದ್ದಲು ಸುಟ್ಟಿರ್ತಾರ. ಈ ಒಂದ್ ಖೋಲಿಗೆ ಏಳು ವರ್ಷದಾಗ ಸುಮಾರು ಏಳನೂರು ಟನ್ ಆಗ್ತದ."

"ಅದು ಎಷ್ಟ್ ದಿವಸ ಉಳೀತದ್ರಿ?"

"ಒಂದಷ್ಟು ಗಿಡಾ, ಸಮುದ್ರ ಹೀರ್ಕೋತಾವ. ಉಳದದ್ದು ನಾವೂ ನೀವೂ ಹೋದ ಮ್ಯಾಲೂ ನೂರಾರು ವರ್ಷ ಇರ್ತದ."

"ಎರಡು ಸಾವಿರದ ಮೂರನೇ ಇಸವಿದೂ?"

ಯಾಕೆ ಆ ಇಸವಿ ಎಂದು ಅವಳಿಗೆ ತಿಳಿಯಲಿಲ್ಲ. "ಅದೂ ಅದರೀ. ಎಲ್ಲೂ ಹೋಗಿಲ್ಲ" ಅಂದಳು.

ಗುಡ್ಡಪ್ಪ ಎದ್ದು, ಆರು ಅಂತಸ್ತು ಮೆಟ್ಟಿಲಿಳಿದು, ಪ್ಯಾನಲ್ ಕೋಣೆಗೆ ಹೋಗಿ ಆ ಸ್ವಿಚ್ಚನ್ನು ಕೆಳಗೆಳೆದ. ಒಂದು ಬೆರಳಿನ ಕೆಲಸ. ಯಾವ ಅಪ್ಪಣೆಯೂ ಬೇಕಾಗಲಿಲ್ಲ, ಯಾರೂ ಕೇಳಲಿಲ್ಲ.

ಆಮೇಲೆ ಅವನು ಸುಮ್ಮನಿರಲಿಲ್ಲ. ಆರತಿ ಬರೆದುಕೊಟ್ಟ ಪಟ್ಟಿ ಹಿಡಿದು ಅಂತಸ್ತಿನಿಂದ ಅಂತಸ್ತಿಗೆ ಅಲೆದ. ಹಗಲು ಉರಿಯುವ ಮೆಟ್ಟಿಲ ದೀಪ, ತುಂಬಿ ಹರಿದರೂ ಓಡುವ ನೀರಿನ ಪಂಪು, ಜನ ಹೋದ ಮೇಲೂ ತಿರುಗುವ ಫ್ಯಾನು ಒಂದೊಂದಾಗಿ ನಿಂತವು. ಒಂದು ವರ್ಷದೊಳಗೆ ಕಟ್ಟಡದ ಬಳಕೆ ಮೂರರಲ್ಲಿ ಒಂದು ಪಾಲು ಇಳಿಯಿತು. ಮನೆಯಲ್ಲಿ ಮಾತ್ರ ಅವನು ಮಾತು ಕಡಿಮೆ ಮಾಡಿದ. ಉಣ್ಣುವಾಗ ತುತ್ತು ಹಿಡಿದು ಮೇಲೆ ನೋಡುತ್ತ ಕೂತುಬಿಡುತ್ತಿದ್ದ. "ಏನ್ ನೋಡಾಕತ್ತೀರಿ?" ಅಂದರೆ, "ಅಲ್ಲೇ ಐತಂತ" ಅನ್ನುತ್ತಿದ್ದ. ಕಾವೇರಿ ಹೆದರಿ ಹಾಜರಾಬಿ ಕೊಟ್ಟ ಕೌದಿಯನ್ನು ಟ್ರಂಕಿನೊಳಗೆ ಇಟ್ಟು ಮುಚ್ಚಿದಳು.

೨೦೦೭ರ ಡಿಸೆಂಬರಿನಲ್ಲಿ ವಿದ್ಯುತ್ ಉಳಿಸಿದ್ದಕ್ಕೆ ಕಂಪನಿಗೆ ಒಂದು ಪ್ರಶಸ್ತಿಪತ್ರ ಬಂತು. ಮೊದಲ ಅಂತಸ್ತಿನ ಸಭಾಗೃಹದಲ್ಲಿ ಸಮಾರಂಭ. ಗುಡ್ಡಪ್ಪನನ್ನೂ ಶಾಲು ಹೊದಿಸಿ ವೇದಿಕೆಯ ಅಂಚಿಗೆ ನಿಲ್ಲಿಸಿದ್ದರು. ಮ್ಯಾನೇಜರ್ ಭಾಷಣ ಮಾಡುತ್ತಿದ್ದಾಗ ಮಧ್ಯಾಹ್ನ ಮೂರಕ್ಕೆ ಕರೆಂಟು ಹೋಯಿತು. ಮೈಕು ಸತ್ತಿತು. ಪರದೆ ಎಳೆದ ಸಭಾಗೃಹದ ಮಬ್ಬಿನಲ್ಲಿ ಎಲ್ಲರೂ ಗುಡ್ಡಪ್ಪನತ್ತ ತಿರುಗಿದರು.

ಅವನು ಕದಲಲಿಲ್ಲ. ಎಂಜಿನ್ನು ಹಚ್ಚಿದರೆ ಕೆಮ್ಮು ಬರುತ್ತದೆ. ಒಂದು ನಿಮಿಷವಾದರೂ ತಡೆಯೋಣ ಎಂದು ನಿಂತ. ಆ ಮೌನದೊಳಗೆ, ಎಂಜಿನ್ನಿಲ್ಲದೆ, ಹಿಂದಿನ ಕಿಟಕಿಯ ಕಡೆಯಿಂದ ಕೆಮ್ಮು ಕೇಳಿಸಿತು. ಹತ್ತು ಹದಿನೈದು ಸಲ, ಕೊನೆಗೆ ಸಿಳ್ಳು.

ಗುಡ್ಡಪ್ಪ ಮೆಟ್ಟಿಲಿಳಿದು, ಹಿಂಬಾಗಿಲು ದಾಟಿ, ಕಂಪೌಂಡಿನ ಸಣ್ಣ ಗೇಟು ತೆರೆದು ಅಂಗಳಕ್ಕೆ ನಡೆದ. ಬೇವಿನ ಬುಡದಲ್ಲಿ ಹೊರಸಿನ ಮೇಲೆ ಬಂದೇನವಾಜ ಎದೆ ಹಿಡಿದುಕೊಂಡು ಕೂತಿದ್ದ.

"ಚಾಚಾ, ನೀವ ಏನು ಕೆಮ್ಮೂದು?"

"ಮತ್ಯಾರಪಾ? ಈ ಮನ್ಯಾಗ ನಾ ಒಬ್ಬಾವ ಉಳದೇನಿ." ಮುದುಕ ಉಸಿರು ಹುಡುಕಿಕೊಂಡ. "ಎರಡ್ ವರ್ಷಾತು. ನಿಮ್ಮ ಮಷೀನಿನ ಗದ್ದಲದಾಗ ಯಾರಿಗೆ ಕೇಳಸ್ತದ?"

ಗುಡ್ಡಪ್ಪ ಕಾಲ ಬುಡದಲ್ಲಿ ಕೂತು ಎಲ್ಲವನ್ನೂ ಹೇಳಿದ. ಖಾಲಿ ಕೋಣೆ, ಹಳದಿ ಪಟ್ಟಿ, ಐದರಲ್ಲಿ ಒಂದು ಪಾಲು, ಅವಳು ಕೇಳಿದ್ದು, ತಾನು ಅಂದದ್ದು. ಮೇಲಿನ ಕಿಟಕಿಯಿಂದ ಅವನ ಹೆಸರು ಹಿಡಿದು ಕೂಗುತ್ತಿದ್ದರು. ಅವನು ತಿರುಗಿ ನೋಡಲಿಲ್ಲ.

ಬಂದೇನವಾಜ ಹೊರಸಿನ ಅಂಚು ಹಿಡಿದು ಮುಂದಕ್ಕೆ ಬಾಗಿದ.

"ಅಕಿ ಒಲಿ ಮುಂದ ಮೂವತ್ತ ವರ್ಷ ಕುಂತಾಕಿ. ನಾ ಸಿಮೆಂಟಿನ ಧೂಳ ತಿಂದಾಂವ. ಯಾವ ಹೊಗಿ ಯಾರನ್ನ ಒಯ್ತು ಅಂತ ಯಾರ್ ಹೇಳಬೇಕು? ನಿಂದಲ್ಲ ಅಂತ ನಾ ಹೆಂಗ ಅನ್ನಲಿ? ನಿಂದ ಅಂತರ ಹೆಂಗ ಅನ್ನಲಿ?" ಮತ್ತೆ ಕೆಮ್ಮಿದ. "ಆದ್ರ ಅಕಿ ಒಂದ್ ಮಾತ ಅಂದಿದ್ಳು. ಗುಡ್ಡಪ್ಪ ಎಲ್ಲಾ ನೋಡ್ಯಾನಂತ, ಬ್ಯಾಡಾದ್ದೇನೂ ಇಲ್ಲಂತ, ಅವಾ ಸುಳ್ಳ ಹೇಳಾವಲ್ಲ ಅಂತ. ಅದನ್ನ ನಂಬಿ ಹೋದ್ಳು."

ಮುದುಕ ಬೈದಿದ್ದರೆ ಚೆನ್ನಾಗಿತ್ತು ಎಂದು ಗುಡ್ಡಪ್ಪನಿಗೆ ಅನ್ನಿಸಿತು. ಹೆಗಲ ಮೇಲಿನ ಶಾಲು ತೆಗೆದು ಮುದುಕನ ಬೆನ್ನಿಗೆ ಹೊದಿಸಿ, ಆಟೋ ತರಿಸಿ ದವಾಖಾನೆಗೆ ಕರೆದುಕೊಂಡು ಹೋದ. ಸಮಾರಂಭ ಪರದೆ ಸರಿಸಿ ಕಿಟಕಿಯ ಬೆಳಕಿನಲ್ಲೇ ಮುಗಿಯಿತಂತೆ. ಮರುದಿನ ಮ್ಯಾನೇಜರ್ ಕಾರಣ ಕೇಳಿ ನೋಟೀಸು ಕೊಟ್ಟರು. ಅವನು ಉತ್ತರದಲ್ಲಿ ನಡೆದದ್ದನ್ನೆಲ್ಲ ಬರೆದು, ಕೊಳವೆಯನ್ನು ಎತ್ತರಿಸಬೇಕೆಂದು ಕೊನೆಗೆ ಸೇರಿಸಿದ. ಉತ್ತರ ಬರಲಿಲ್ಲ. ತಿಂಗಳಿಗೊಂದರಂತೆ ಅರ್ಜಿ ಬರೆಯುತ್ತ ಹೋದ. ಹತ್ತನೆಯದಕ್ಕೆ ಆರತಿಯೂ ಒಂದು ಪತ್ರ ಜೋಡಿಸಿದಳು.

೨೦೦೯ರ ಬೇಸಿಗೆಯಲ್ಲಿ ಕೊಳವೆ ಏಳು ಅಂತಸ್ತು ದಾಟಿ ಮಾಳಿಗೆಯ ಮೇಲೆ ನಿಂತಿತು. ಮೊದಲ ಸಲ ಎಂಜಿನ್ನು ಹಚ್ಚಿದ ದಿನ ಬಂದೇನವಾಜ ಅಂಗಳದ ನಡುವೆ ನಿಂತು ಕೈಯೆತ್ತಿ, "ಈ ಕಡೆ ಏನೂ ಬಂದಿಲ್ಲಪಾ" ಎಂದು ಕೂಗಿದ. ಮಾತಿನ ಬೆನ್ನಿಗೆ ಕೆಮ್ಮಿದ. ಎಂಜಿನ್ನಿನೊಳಗಿನ ಇನ್ನೊಂದು ಕೆಮ್ಮೂ ಗುಡ್ಡಪ್ಪನಿಗೆ ಎಂದಿನಂತೆ ಕೇಳಿಸಿತು. ಈಗ ಅವನು ಕಿವಿ ಮುಚ್ಚಿಕೊಳ್ಳುತ್ತಿರಲಿಲ್ಲ.

ಹೊಗೆ ಎಲ್ಲಿಗೆ ಹೋಗುತ್ತದೆಂದು ನೋಡಲು ಅವನು ಮಾಳಿಗೆ ಹತ್ತಿದ. ಅದು ಕೊಳವೆಯ ಬಾಯಿಂದ ಎದ್ದು, ತುಸು ಬಾಗಿ, ಪಡುಗಾಳಿಗೆ ತೆಳುವಾಗುತ್ತ ಹೊಸ ಬಡಾವಣೆಯ ಮನೆಗಳ ಕಡೆ ಸಾಗುತ್ತಿತ್ತು. ಅಲ್ಲೊಂದು ಮನೆಯ ಮೇಲಂತಸ್ತಿನಲ್ಲಿ ಯಾರೋ ಹೊರಗೆ ಬಗ್ಗಿ ನೋಡಿ, ಕಿಟಕಿಯ ಎರಡೂ ಬಾಗಿಲು ಎಳೆದುಕೊಂಡರು.

ಗುಡ್ಡಪ್ಪ ಆ ಕಿಟಕಿಯನ್ನು ನೋಡುತ್ತ ನಿಂತ. ಆಮೇಲೆ ಏಳನೆಯ ಅಂತಸ್ತಿಗೆ ಇಳಿದು, ಊಟದ ಹೊತ್ತಿಗೆ ಖಾಲಿಯಾಗಿದ್ದ ಕೋಣೆಗಳನ್ನು ಒಂದೊಂದಾಗಿ ಹೊಕ್ಕು, ಉರಿಯುತ್ತಿದ್ದ ದೀಪಗಳನ್ನು ಆರಿಸುತ್ತ ಕೆಳಗೆ ಬಂದ.